ಕೋಣೆ ಯಾವುದು?

ನಮ್ಮೂರಿನಲ್ಲಿ ನಾಲ್ಕು ಗೋಡೆಯೊಳಗೆ ಆಡಿದ ಮಾತು ಮರುದಿನ ಅದೇ ಹೊತ್ತಿಗೆ ಅದೇ ಕೋಣೆಯಲ್ಲಿ ಇನ್ನೊಂದು ಸಲ ಕೇಳಿಸುತ್ತದೆ. ಒಂದೇ ಸಲ, ಆಮೇಲೆ ಇಲ್ಲ. ಹೊರಗಿನಿಂದ ಬಂದವರು ಮೊದಲ ವಾರ ಬೆಚ್ಚಿ ಬೀಳುತ್ತಾರೆ, ಎರಡನೇ ವಾರ ನಗುತ್ತಾರೆ, ಮೂರನೇ ವಾರದಿಂದ ನಮ್ಮ ಹಾಗೆಯೇ ಜಗಳ ಬಂದಾಗ ಎದ್ದು ಅಂಗಳಕ್ಕೆ ನಡೆಯುತ್ತಾರೆ. ಇಲ್ಲಿ ಅತ್ತೆ ಸೊಸೆಯರು ಬೈದಾಡುವುದು ಹಿತ್ತಲಲ್ಲಿ. ಡಾಕ್ಟರು ಗುಟ್ಟಿನ ಕಾಯಿಲೆ ಹೇಳುವುದು ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ. ನಮ್ಮ ಯಜಮಾನರಂತೂ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಬೇಕಾದರೂ ತಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಾರೆ, ನಾಳೆ ಊಟದ ಹೊತ್ತಿಗೆ ಅದೇ ಮಾತು ಮರಳಿ ಬಂದು ನನಗೆ ಎರಡನೇ ಸಲ ಸಿಟ್ಟು ಬಾರದಿರಲಿ ಎಂದು. ಅಂಗಳದಲ್ಲಿ ಹೇಳಿದರೂ ನನಗೆ ಸಿಟ್ಟು ಬರುತ್ತದೆ, ಅದು ಬೇರೆ ವಿಷಯ.

ಹೀಗಾಗಿ ನಮ್ಮಲ್ಲಿ ಮಾತಿನಲ್ಲಿ ಎರಡು ಜಾತಿ. ಮರಳಿ ಬಂದದ್ದು ಮಾತು. ಹೊರಗೆ ಆಡಿದ್ದು ಬಯಲ ಮಾತು. ಬಯಲ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂತೆಯಲ್ಲಿ ಎಮ್ಮೆ ಮಾರುವವನು ಏನೇ ಆಣೆ ಇಟ್ಟರೂ ಕೊಳ್ಳುವವನು ಮೊದಲು ಅವನನ್ನು ಒಂದು ಅಂಗಡಿಯೊಳಗೆ ಕರೆದುಕೊಂಡು ಹೋಗಿ, "ಈಗ ಹೇಳಪ್ಪ, ಎಷ್ಟು ಲೀಟರ್ ಹಾಲು?" ಎನ್ನುತ್ತಾನೆ.

ನಾನು ಪಂಕಜಾಕ್ಷಿ, ಊರಿನ ಡಿಗ್ರಿ ಕಾಲೇಜಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ದೂರು ಕೇಳಲು ಒಂದು ಸಮಿತಿ ಇರಲೇಬೇಕೆಂದು ಕಾನೂನು. ನಮ್ಮಲ್ಲೂ ಇತ್ತು. ಸಸ್ಯಶಾಸ್ತ್ರದ ಇಂದುಮತಿ ಮೇಡಂ ಅಧ್ಯಕ್ಷೆ, ಇಬ್ಬರು ಉಪನ್ಯಾಸಕರು, ಹೊರಗಿನವರಾಗಿ ವಕೀಲೆ ಶಮೀಮ್ ಬಾನು, ಪಾಠ ಮಾಡದ ಸಿಬ್ಬಂದಿಯ ಪರವಾಗಿ ನಾನು. ಅರ್ಜಿ ತೆಗೆದುಕೊಳ್ಳುವ ಕೆಲಸ ನನ್ನದು. ಅರ್ಜಿಯ ಮೊದಲನೇ ಕಾಲಂ "ಕೋಣೆ", ಎರಡನೇದು "ಗಂಟೆ". ಎರಡು ತುಂಬಿಸಿದರೆ ಮುಗಿಯಿತು, ಮರುದಿನ ಆ ಹೊತ್ತಿಗೆ ನಾವು ಐದೂ ಜನ ಆ ಕೋಣೆಗೆ ಹೋಗಿ ತುಟಿ ಬಿಗಿದು ಕೂರುತ್ತಿದ್ದೆವು. ಮಾತು ಬಂದರೆ ದೂರು ನಿಜ, ಬಾರದಿದ್ದರೆ ಸುಳ್ಳು. ಇಷ್ಟು ಸಲೀಸಾದ ನ್ಯಾಯ ಬೇರೆ ಯಾವ ಊರಲ್ಲಿದೆ ಎಂದು ನಾವು ಬೀಗುತ್ತಿದ್ದೆವು.

ಆರು ವರ್ಷದಲ್ಲಿ ಸಿಕ್ಕಿಬಿದ್ದವನು ಒಬ್ಬನೇ ಒಬ್ಬ. ಬೇರೆ ಊರಿಂದ ವರ್ಗವಾಗಿ ಬಂದ ಗುಮಾಸ್ತ, ಬಂದು ನಾಲ್ಕು ದಿನವಾಗಿತ್ತಷ್ಟೇ, ಊರಿನ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಉಳಿದ ಹನ್ನೊಂದು ದೂರುಗಳಲ್ಲಿ ಹೆಸರಿದ್ದವರೆಲ್ಲ ಇಲ್ಲೇ ಹುಟ್ಟಿ ಬೆಳೆದವರು. ಅವರ ಮೇಲಿನ ದೂರು ಒಂದೂ ನಿಲ್ಲಲಿಲ್ಲ. ಇದರ ಅರ್ಥ ಏನೆಂದು ಒಂದು ದಿನವಾದರೂ ಕೂತು ಯೋಚಿಸಿದೆನೇ? ಇಲ್ಲ. ನಮ್ಮೂರ ಗಂಡಸರು ಸಭ್ಯರು ಅಂದುಕೊಂಡಿದ್ದೆ.

ಮಾರ್ಚ್ ತಿಂಗಳ ಒಂದು ಗುರುವಾರ ಮಂದಾಕಿನಿ ಬಂದಳು. ಅಂತಿಮ ವರ್ಷದ ಬಿ.ಎಸ್ಸಿ., ಹಾಸ್ಟೆಲಿನ ಹುಡುಗಿ. ಅವಳ ಅಪ್ಪ ಹೆದ್ದಾರಿಯಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವವರು. ಫೀಸು ಕಟ್ಟಲು ಬಂದಾಗೆಲ್ಲ ಕೈಯ ಗ್ರೀಸು ರಸೀದಿಗೆ ತಾಗದಂತೆ ಎರಡು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಹನ್ನೊಂದು ಇಪ್ಪತ್ತಾಗಿತ್ತು. ನಾನು ಅರ್ಜಿ ಎದುರಿಗಿಟ್ಟುಕೊಂಡು ಪೆನ್ನು ಬಿಚ್ಚಿದೆ.

"ಕೋಣೆ ಯಾವುದಮ್ಮ?"

"ಕೋಣೆ ಅಲ್ಲ ಮೇಡಂ, ಟೆರೇಸು. ಕೆಮಿಸ್ಟ್ರಿ ವಿಶ್ವಂಭರ ಸರ್ ಸೋಮವಾರ ಗುರುವಾರ ಲ್ಯಾಬ್ ಮುಗಿದ ಮೇಲೆ, ಇಂಟರ್ನಲ್ ಮಾರ್ಕ್ಸ್ ತೋರಿಸ್ತೀನಿ ಬಾ ಅಂತ ಮೇಲಕ್ಕೆ ಕರೀತಾರೆ. ಅಲ್ಲಿ..."

"ಟೆರೇಸು ಅಂದ್ರೆ ಬಯಲಾಯ್ತಲ್ಲಮ್ಮ."

"ಹೌದು ಮೇಡಂ. ಆದ್ರೆ ಇವತ್ತು ಎರಡು ಗಂಟೆಗೆ ಮತ್ತೆ ಕರೀತಾರೆ."

"ಬಯಲ ಮಾತಿಗೆ ನಾವೇನ್ ಮಾಡಕ್ಕಾಗುತ್ತೆ ಹೇಳು? ಯಾವತ್ತಾದ್ರೂ ರೂಮಲ್ಲಿ ಏನಾದ್ರೂ ಅಂದ್ರೆ ಬಾ, ತಕ್ಷಣ ಬರ್ಕೋತೀನಿ."

ಅವಳು ಎದ್ದು ಹೋದಳು. ನಾನು ಪೆನ್ನಿಗೆ ಕ್ಯಾಪ್ ಹಾಕಿ ಬಸ್ ಪಾಸಿನ ಕಡತ ತೆಗೆದೆ. ಮಧ್ಯಾಹ್ನ ಚಿತ್ರಾನ್ನ ಚೆನ್ನಾಗಿಯೇ ತಿಂದೆ ಎಂಬುದೂ ನೆನಪಿದೆ.

ಮರುದಿನ ಶುಕ್ರವಾರ. ಮಂಗಳವಾರ ಮತ್ತು ಶುಕ್ರವಾರ ನೆಲಕ್ಕೆ ಫಿನೈಲ್ ಹಾಕುವ ದಿನ. ಬೆಳಿಗ್ಗೆ ಕಚೇರಿ, ಮಧ್ಯಾಹ್ನ ಹುಡುಗಿಯರ ಹಾಸ್ಟೆಲು, ಎರಡೂ ಕಡೆ ದುಗ್ಗಮ್ಮನದೇ ಕೆಲಸ. ಅವಳು ನನ್ನ ಮೇಜಿನ ಕೆಳಗೆ ಬಗ್ಗಿ ಒರೆಸುತ್ತಿದ್ದಾಗ ಹನ್ನೊಂದು ಇಪ್ಪತ್ತಾಯಿತು, ನನ್ನ ದನಿ ಶುರುವಾಯಿತು. "ಕೋಣೆ ಯಾವುದಮ್ಮ?" ನಮ್ಮ ದನಿ ನಾವೇ ಕೇಳುವುದು ಈ ಊರಲ್ಲಿ ದಿನವೂ ಇದ್ದದ್ದೇ, ಯಾರೂ ಕಿವಿಗೊಡುವುದಿಲ್ಲ. ಆದರೆ ಹಿಂದಿನ ದಿನ ನಾನು ಅರ್ಜಿ ನೋಡುತ್ತ ಕೂತಿದ್ದೆ, ಹುಡುಗಿಯ ದನಿಯನ್ನು ಕೇಳಿಯೇ ಇರಲಿಲ್ಲ. ಈಗ ಕೇಳಿತು. "ಇವತ್ತು ಎರಡು ಗಂಟೆಗೆ" ಎನ್ನುವಾಗ ಅವಳ ದನಿ ಇಳಿದಿತ್ತು. ನಾನು ಮಾತು ಮುಗಿಸಿದ ಮೇಲೆ ಅವಳು "ಸರಿ ಮೇಡಂ" ಅಂದಿದ್ದಳು, ಎಷ್ಟು ಮೆಲ್ಲಗೆ ಎಂದರೆ ನಿನ್ನೆ ನನಗೆ ಕೇಳಿಸಿರಲೇ ಇಲ್ಲ.

ದುಗ್ಗಮ್ಮ ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದು ಒಂಬತ್ತನೇ ರೂಮಿನ ಹುಡುಗಿ ಅಲ್ವಾ ಅಮ್ಮಾವ್ರೆ?"

"ನಿಂಗೆ ಹೆಂಗೆ ಗೊತ್ತು?"

"ಗೊತ್ತಾಗ್ದೆ ಏನು? ಎರಡು ತಿಂಗಳಾಯ್ತು. ನಾನು ಮೂರು ಗಂಟೆಗೆ ಆ ರೂಮು ಒರೆಸಕ್ಕೆ ಹೋದಾಗೆಲ್ಲ ಈ ಮಗೂದೇ ಅಳು. ಹಿಂದಿನ ದಿನ ಗೆಳತಿ ಹತ್ರ ಹೇಳ್ಕೊಂಡಿದ್ದು ಬರ್ತದೆ. ಸಾರು ಭುಜದ ಮೇಲೆ ಕೈ ಹಾಕಿದ್ರು, ಸೊಂಟ ಹಿಡಿದ್ರು, ನಂಜೊತೆ ಹೊಂದ್ಕೊಂಡು ಹೋದ್ರೆ ಪಾಸು, ಇಲ್ದಿದ್ರೆ ನೋಡು ಅಂದ್ರು ಅಂತ. ನಾನೇನು ಬೇಕೂಂತ ಕೇಳಿದ್ದಲ್ಲ, ಕಿವಿ ಮುಚ್ಕೊಂಡು ನೆಲ ಒರೆಸಕ್ಕಾಗ್ತದಾ?"

"ಯಾಕೆ ದುಗ್ಗಮ್ಮ, ಇಷ್ಟು ದಿನ ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವೇನ್ ಕೇಳ್ತಿದ್ರಿ? ಕೋಣೆ ಯಾವುದು ಅಂತಿದ್ರಿ. ಈಗ ಅಂದ್ರಲ್ಲ ಆ ಮಗೂಗೆ, ಹಂಗೇ." ಬಕೆಟ್ಟು ಎತ್ತಿಕೊಂಡು ಬಾಗಿಲಲ್ಲಿ ತಿರುಗಿ ನಿಂತಳು. "ನೀವು ಓದ್ದೋರು, ನಂಗಿಂತ ನಿಮ್ಗೆ ಗೊತ್ತಿರ್ತದೆ. ಆದ್ರೆ ಒಳಗೆ ಹೇಳಿದ್ರೆ ಮಾತ್ರ ನೋವಾಗ್ತದೆ, ಹೊರಗೆ ಹೇಳಿದ್ರೆ ಆಗಲ್ಲ ಅಂತ ಎಲ್ಲಿ ಓದಿದ್ರಿ?"

ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ, ನನ್ನ ಮೇಲೆ. ಛತ್ರಿ ಕೂಡ ತೆಗೆದುಕೊಳ್ಳದೆ ಹಾಸ್ಟೆಲಿಗೆ ಓಡಿದೆ.

ಒಂಬತ್ತನೇ ರೂಮಿನಲ್ಲಿ ಮಂದಾಕಿನಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಹಿಂದಿನ ದಿನ ಲ್ಯಾಬಿಗೆ ಹೋಗಿರಲಿಲ್ಲವಂತೆ. ಸೋಮವಾರವೂ ಹೋಗುವುದಿಲ್ಲವಂತೆ. ಇನ್ನು ಹದಿನೇಳು ದಿನಕ್ಕೆ ಕೊನೆಯ ಪ್ರಾಯೋಗಿಕ ಪರೀಕ್ಷೆ, ಪರೀಕ್ಷಕ ವಿಶ್ವಂಭರ ಅವರೇ. ಅವರೆದುರು ನಿಂತು ಪರೀಕ್ಷೆ ಕೊಡುವುದಕ್ಕಿಂತ ಓದು ಬಿಟ್ಟು ಊರಿಗೆ ಹೋಗುವುದೇ ವಾಸಿ ಎಂದು ತೀರ್ಮಾನಿಸಿದ್ದಳು. ತನಗೆ ಮೈ ಹುಷಾರಿಲ್ಲ ಎಂದು ಅಪ್ಪನಿಗೆ ಸುಳ್ಳು ಹೇಳಿ ಆಗಿತ್ತು.

ನಾನು ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕೂತೆ. "ನಿನ್ನೆ ನಾನು ಮಾಡಿದ್ದು ತಪ್ಪು. ನಿನ್ನ ಮಾತು ಕೇಳೋದು ಬಿಟ್ಟು ಅರ್ಜಿ ತುಂಬಕ್ಕೆ ಕೂತೆ. ಈಗ ಹೇಳು, ನೀನು ಹೇಳಿದ ಹಾಗೇ ಬರ್ಕೋತೀನಿ."

"ಬಯಲ ಮಾತು ನಡೆಯಲ್ವಲ್ಲ ಮೇಡಂ."

"ನಡೆಯುತ್ತೋ ಇಲ್ವೋ ಆಮೇಲೆ ನೋಡೋಣ. ನೀನು ಹೇಳು."

ಅವಳು ಹೇಳಿದಳು. ಒಂದು ಗಂಟೆ ಹಿಡಿಯಿತು. ನಡುವೆ ಎರಡು ಸಲ ನನ್ನ ಕಣ್ಣೇ ಮಂಜಾಗಿ ಬರೆಯಲಾಗಲಿಲ್ಲ. ಹಿಂದಿನ ವರ್ಷದ ಒಬ್ಬಳು, ಈ ವರ್ಷದ ಇನ್ನೊಬ್ಬಳು, ಇಬ್ಬರಿಗೂ ಹೀಗೇ ಆಗಿದೆ, ಕೇಳಿದರೆ ಹೇಳಿಯಾರು ಅಂದಳು. ದುಗ್ಗಮ್ಮನಿಗೆ ಕೇಳಿಸಿದ್ದನ್ನು ಸಮಿತಿಯ ಮುಂದೆ ಹೇಳಿಸಬಹುದೇ ಎಂದು ಕೇಳಿದೆ. ನಾಚಿಕೆಯಿಂದ ಮುಖ ಮುಚ್ಚಿಕೊಂಡಳು, ಆಮೇಲೆ ಆಗಲಿ ಎಂದು ತಲೆಯಾಡಿಸಿದಳು. ಟ್ರಂಕನ್ನು ಮಂಚದ ಕೆಳಗೆ ತಳ್ಳಿದವಳು ನಾನೇ. ಪರೀಕ್ಷೆ ಮುಗಿಯುವವರೆಗೆ ಹೊರಗೆ ತೆಗೆಯಬೇಡ ಎಂದು ಗದರಿಸಿಯೂ ಬಂದೆ.

ಆ ಸಂಜೆ ಅರ್ಜಿಯ ಮೊದಲೆರಡು ಕಾಲಂ ಮೇಲೆ ಅಡ್ಡಗೆರೆ ಎಳೆದೆ. ಇಂದುಮತಿ ಮೇಡಂ ನೋಡಿ ಹೌಹಾರಿದರು. "ಪಂಕಜಾಕ್ಷಿ, ಏನಿದು? ಮರಳಿ ಬರದೇ ಇರೋ ಮಾತನ್ನ ಹೇಗ್ರೀ ನಂಬೋದು?" ಬೇರೆ ಊರಲ್ಲಿ ಓದಿ ಬಂದ ಶಮೀಮ್ ಬಾನು ನಕ್ಕುಬಿಟ್ಟರು. "ಮೇಡಂ, ಬೇರೆ ಊರಲ್ಲೆಲ್ಲ ಮಾತು ಮರಳಿ ಬರೋದೇ ಇಲ್ಲ. ಅಲ್ಲಿ ಕೂಡ ಜನ ಇಂಥ ದೂರು ಕೇಳ್ತಾರೆ. ಎರಡೂ ಕಡೆಯವರನ್ನ ಕೂರಿಸಿ ಕೇಳ್ತಾರೆ, ಸಾಕ್ಷಿ ಕೇಳ್ತಾರೆ, ಯಾವುದು ಹೊಂದುತ್ತೆ ನೋಡ್ತಾರೆ." ಇಂದುಮತಿ ಮೇಡಂ ಅರ್ಜಿಯನ್ನು ಮತ್ತೊಮ್ಮೆ ಓದಿದರು. ಕೊನೆಗೆ, ಹಾಗಾದರೆ ನಾವೂ ಕೇಳೋಣ ಅಂದರು.

ದೂರಿನ ಪ್ರತಿಯನ್ನು ವಿಶ್ವಂಭರ ಅವರಿಗೆ ಕೊಟ್ಟು, ಉತ್ತರಕ್ಕೆ ಹತ್ತು ದಿನ ಅವಕಾಶ ಕೊಟ್ಟೆವು. ಅಷ್ಟು ದಿನ ಮಂದಾಕಿನಿ ಇನ್ನೊಬ್ಬ ಉಪನ್ಯಾಸಕರ ಬ್ಯಾಚಿನಲ್ಲಿ ಲ್ಯಾಬು ಮಾಡಿದಳು. ಆ ಇಬ್ಬರು ಹುಡುಗಿಯರೂ ಬಂದು ಬರೆದುಕೊಟ್ಟರು. ದುಗ್ಗಮ್ಮ ಸಮಿತಿಯ ಮುಂದೆ ಕುರ್ಚಿಯ ತುದಿಯಲ್ಲಿ ಕೂತು, ತನಗೆ ಕೇಳಿಸಿದ್ದು ಫಿನೈಲ್ ಹಾಕುವ ಮಂಗಳವಾರ ಶುಕ್ರವಾರ ಮಾತ್ರ, ಬರೀ ಗುಡಿಸಿ ಬರುವ ಬೇರೆ ದಿನ ಇಲ್ಲ ಎಂದಳು. ಅಂದರೆ ಹುಡುಗಿ ಅತ್ತದ್ದು ಸೋಮವಾರ ಗುರುವಾರ, ಕೆಮಿಸ್ಟ್ರಿ ಲ್ಯಾಬಿನ ದಿನ. ಒಂದು ದಿನವೂ ತಪ್ಪಲಿಲ್ಲ.

ಹತ್ತು ದಿನ ಮುಗಿದ ಮೇಲಿನ ಗುರುವಾರ ವಿಶ್ವಂಭರ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ನಗು. ಕೂತವರೇ, "ಕೋಣೆ ಯಾವುದು ಅಂತ ಹೇಳಿ, ಉತ್ತರ ಕೊಡ್ತೀನಿ" ಅಂದರು.

"ಆ ಕಾಲಂ ಹೊಡೆದು ಹಾಕಿದ್ದೀವಿ ಸಾರ್" ಅಂದೆ.

"ಓಹೋ! ಹಾಗಾದ್ರೆ ಬಯಲ ಮಾತಿಗೆ ಬಯಲ ಉತ್ತರ. ನಾನು ಗಾಳಿಗೆ ಅಂತ ಟೆರೇಸಿಗೆ ಹೋಗ್ತೀನಿ. ಆ ಹುಡುಗೀನೇ ಮಾರ್ಕ್ಸ್ ಕೇಳ್ಕೊಂಡು ಬಂದ್ಲು, ತೋರಿಸಿ ಕಳಿಸ್ದೆ. ಅಷ್ಟೇ."

ನನಗೆ ಕಾನೂನು ಗೊತ್ತಿಲ್ಲ. ಆದರೆ ಇಪ್ಪತ್ತಾರು ವರ್ಷ ಈ ಕಟ್ಟಡದಲ್ಲಿ ಕೆಲಸ ಮಾಡಿದ್ದೇನೆ, ಯಾವ ಕೋಣೆಯಲ್ಲಿ ಏನಿದೆ ಎಂದು ಗೊತ್ತು. "ಸಾರ್, ಗಂಡು ಹುಡುಗರಿಗೆ ಮಾರ್ಕ್ಸ್ ಎಲ್ಲಿ ತೋರಿಸ್ತೀರಿ?"

"ನನ್ನ ರೂಮಲ್ಲಿ."

"ಅಲ್ಲಿ ಫ್ಯಾನ್ ಇದೆ ಅಲ್ವಾ? ಹೋದ ವರ್ಷ ನಾನೇ ಹಾಕಿಸ್ಕೊಟ್ಟಿದ್ದು."

"ಇದೆ. ಅದಕ್ಕೇನೀಗ?"

"ಮಾರ್ಚ್ ತಿಂಗಳ ಎರಡು ಗಂಟೆ ಬಿಸಿಲು. ಟೆರೇಸಿನ ಸಿಮೆಂಟಿಗೆ ಬರಿಗಾಲು ಇಟ್ರೆ ಬೊಬ್ಬೆ ಬರುತ್ತೆ. ಫ್ಯಾನ್ ಬಿಟ್ಟು, ಕುರ್ಚಿ ಬಿಟ್ಟು, ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲೇ ಯಾಕೆ ತೋರಿಸ್ತಿದ್ರಿ?"

ಅವರ ನಗು ಒಂದು ಗಳಿಗೆ ಹಾಗೇ ನಿಂತಿತು. "ರೂಮಲ್ಲಿ ಮಾತಾಡಿದ್ರೆ ನಾಳೆ ಮರಳಿ ಬರುತ್ತಲ್ಲ. ಡಿಸ್ಟರ್ಬ್ ಆಗುತ್ತೆ."

"ಮಾರ್ಕ್ಸು ಮರಳಿ ಬಂದ್ರೆ ಯಾರಿಗೆ ಸಾರ್ ಡಿಸ್ಟರ್ಬು?" ಎಂದು ಕೇಳಿದರು ಶಮೀಮ್ ಬಾನು.

ವಿಶ್ವಂಭರ ನೀರು ಕೇಳಿದರು. ಈ ಊರಲ್ಲಿ ಒಬ್ಬರು ಇನ್ನೊಬ್ಬರನ್ನು ಬಯಲಿಗೆ ಯಾಕೆ ಕರೆಯುತ್ತಾರೆ ಎಂದು ಎಳೆ ಮಗುವಿಗೂ ಗೊತ್ತು. ನಮಗೂ ಗೊತ್ತಿತ್ತು, ಆದರೆ ಇಷ್ಟು ವರ್ಷ ಅದನ್ನು ಕರೆದವರ ಪರವಾಗಿಯೇ ಅರ್ಥ ಮಾಡಿಕೊಂಡಿದ್ದೆವು. ಎಲ್ಲ ಹೇಳಿಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮತ್ತೆ ಮತ್ತೆ ಓದಿದೆವು, ವಾದ ಮಾಡಿದೆವು. ಉಪನ್ಯಾಸಕರಲ್ಲೊಬ್ಬರು ಸಹಿ ಹಾಕಲು ಹಿಂದೆ ಮುಂದೆ ನೋಡಿದರು, ಕೊನೆಗೆ ಹಾಕಿದರು. ದೂರು ನಿಜ, ವಿಶ್ವಂಭರ ಅವರನ್ನು ಪರೀಕ್ಷೆಯಿಂದ ತೆಗೆಯಬೇಕು, ಅಮಾನತು ಮಾಡಬೇಕು, ಅವರು ಹಾಕಿದ ಅಂಕಗಳನ್ನು ಬೇರೆಯವರಿಂದ ಮತ್ತೆ ಹಾಕಿಸಬೇಕು. ಇಷ್ಟು ನಮ್ಮ ವರದಿ.

ಶುಕ್ರವಾರ ನಾಲ್ಕು ಗಂಟೆಗೆ ಅದನ್ನು ಪ್ರಿನ್ಸಿಪಾಲ್ ಮಹಾರುದ್ರಪ್ಪನವರ ಕೋಣೆಯಲ್ಲಿ ಓದಿದೆ. ಪರೀಕ್ಷೆಗೆ ಉಳಿದದ್ದು ಮೂರೇ ದಿನ. ಮಹಾರುದ್ರಪ್ಪನವರು ಕೆಟ್ಟವರಲ್ಲ, ಪುಕ್ಕಲರು. ಬೆವರು ಒರೆಸಿಕೊಂಡು, "ಮೂವತ್ತು ವರ್ಷ ಸರ್ವೀಸ್ ಮಾಡಿದೋರು ಕಣ್ರೀ ಅವರು. ಮರ್ಯಾದೆ ಹೋಗುತ್ತೆ. ಆ ಹುಡುಗಿದೇನು, ಒಂದು ವರ್ಷ ತಾನೇ? ಮುಂದಿನ ವರ್ಷ ಕಟ್ಕೊಂಡ್ರಾಯ್ತು, ಏನ್ ಗಂಟು ಹೋಗುತ್ತೆ?" ಅಂದರು. ನಾವು ಜಪ್ಪಯ್ಯ ಎಂದರೂ ಏಳಲಿಲ್ಲ. ಆಗ ಅವರು ಹಳೆಯ ಪದ್ಧತಿ ಹಿಡಿದರು. ದೊಡ್ಡ ಆದೇಶವನ್ನು ಮರುದಿನ ಸಂಬಂಧಪಟ್ಟವರೆಲ್ಲ ಕೂತು ಕೇಳಿದ ಮೇಲೆಯೇ ಸಹಿ. "ನಾಳೆ ಮರಳಿ ಬರಲಿ, ನೋಡೋಣ" ಎಂದು ಎದ್ದರು. ಒಂದು ದಿನ ದಾಟಿಸಿದರೆ ಸಾಕು, ಆಮೇಲೆ ಭಾನುವಾರ ರಜೆ, ಸೋಮವಾರ ಪರೀಕ್ಷೆ ಎಂಬ ಲೆಕ್ಕ ಅವರದು.

ಸಂಬಂಧಪಟ್ಟವರು ಅಂದಮೇಲೆ ಮಂದಾಕಿನಿಯೂ ಬರಬೇಕಲ್ಲ. ಶನಿವಾರ ಅವಳನ್ನು ಕರೆದುಕೊಂಡು ಹೋಗಿ ಪ್ರಿನ್ಸಿಪಾಲರ ಎದುರಿಗೇ ಕೂರಿಸಿದೆ. ವಿಶ್ವಂಭರರಿಗೂ ಹೇಳಿ ಕಳಿಸಿದ್ದೆವು, ಅವರು ಬರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ನನ್ನ ದನಿ ಬಂತು, ವರದಿಯನ್ನು ಪೂರ್ತಿ ಓದಿತು. "ದೂರು ನಿಜವೆಂದು ಸಮಿತಿ ನಂಬುತ್ತದೆ" ಎಂಬಲ್ಲಿ ಮಂದಾಕಿನಿ ನನ್ನ ಕೈ ಹಿಡಿದುಕೊಂಡಳು. ಅದರ ಬೆನ್ನಿಗೇ ಬಂತು ನೋಡಿ, ಪ್ರಿನ್ಸಿಪಾಲರ ದನಿ. "ಮೂವತ್ತು ವರ್ಷ ಸರ್ವೀಸ್..."

ಅಯ್ಯೋ, ಹುಟ್ಟಿದಾಗಿನಿಂದ ಈ ಊರಲ್ಲಿದ್ದರೂ ವಾರಕ್ಕೊಮ್ಮೆಯಾದರೂ ಎಲ್ಲರೂ ಹೀಗೆ ಮರೆಯುತ್ತೇವೆ. ಮಹಾರುದ್ರಪ್ಪನವರ ಮುಖ ಕಪ್ಪಿಟ್ಟಿತು. ಜೋರಾಗಿ ಕೆಮ್ಮಲು ಶುರು ಮಾಡಿದರು, ಗಂಟೆ ಒತ್ತಿದರು, ಕುರ್ಚಿ ಎಳೆದರು.

"ಸರ್, ಸ್ವಲ್ಪ ಸುಮ್ನಿರಿ. ನಾನು ಕೇಳ್ಬೇಕು" ಅಂದಳು ಮಂದಾಕಿನಿ.

ಅವರು ಸುಮ್ಮನಾದರು. ಎಲ್ಲ ಬಂತು. ಒಂದು ವರ್ಷ ತಾನೇ, ಮುಂದಿನ ವರ್ಷ ಕಟ್ಕೊಂಡ್ರಾಯ್ತು, ಏನ್ ಗಂಟು ಹೋಗುತ್ತೆ. ಒಂದು ಅಕ್ಷರವೂ ಬಿಟ್ಟುಹೋಗಲಿಲ್ಲ.

"ಸರ್, ಆ ಒಂದು ವರ್ಷ ನಂದು" ಅಂದಳು ಅವಳು. ದನಿ ಏರಿಸಲಿಲ್ಲ. "ನಮ್ಮಪ್ಪ ಅದಕ್ಕೆ ಎಷ್ಟು ಟೈರು ಬಿಚ್ಚಿದ್ದಾರೆ ಅಂತ ನಿಮಗೆ ಗೊತ್ತಿಲ್ಲ."

ಮಹಾರುದ್ರಪ್ಪನವರು ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ತಪ್ಪು ಮಾತು ಆಡ್ದೆ ಕಣಮ್ಮ" ಎಂದರು. ಕೋಣೆಯೊಳಗೇ ಅಂದರು, ನಾಳೆ ಭಾನುವಾರ ಖಾಲಿ ಕೋಣೆಯಲ್ಲಿ ಇನ್ನೊಮ್ಮೆ ಕೇಳಿಸುತ್ತದೆ ಎಂದು ಗೊತ್ತಿದ್ದೂ ಅಂದರು. ಪೆನ್ನು ತೆಗೆದು ಸಹಿ ಹಾಕಿದರು. ಆ ಕ್ಷಣ ಅವರ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಬಂತು.

ಸೋಮವಾರ ಪರೀಕ್ಷೆ ನಡೆಯಿತು. ವಿಶ್ವಂಭರರ ಜಾಗದಲ್ಲಿ ಬೇರೆ ಊರಿನ ಕಾಲೇಜಿನಿಂದ ಒಬ್ಬರು ಬಂದಿದ್ದರು, ಹುಬ್ಬು ಗಂಟಿಕ್ಕಿಕೊಂಡೇ ಇರುವ ಹೆಂಗಸು, ಯಾರ ಮುಖವನ್ನೂ ನೋಡದೆ ಬರೀ ಬಣ್ಣ, ಅಳತೆ, ಬರವಣಿಗೆ ನೋಡುತ್ತಿದ್ದರು. ನಾನು ಏನೇನೋ ನೆಪ ಹೇಳಿಕೊಂಡು ಮೂರು ಸಲ ಲ್ಯಾಬಿನ ಮುಂದೆ ಹಾದುಹೋದೆ. ಮೂರನೇ ಸಲ ಒಳಗೆ ಗಾಜು ಒಡೆದ ಸದ್ದು ಕೇಳಿ ಎದೆ ಧಸಕ್ಕೆಂದಿತು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಮಂದಾಕಿನಿ ಅಂಕಪಟ್ಟಿ ಹಿಡಿದುಕೊಂಡು ಅಪ್ಪನ ಜೊತೆ ಕಚೇರಿಗೆ ಬಂದಳು. ಪಾಸಾಗಿದ್ದಳು. ನಾನು ಕನ್ನಡಕ ಏರಿಸಿ ಮೊದಲು ಕೆಮಿಸ್ಟ್ರಿ ಪ್ರಾಕ್ಟಿಕಲ್ ಸಾಲು ಹುಡುಕಿದೆ. ನಲವತ್ತಕ್ಕೆ ಮೂವತ್ತೊಂದು. ನನಗೆ ಎಲ್ಲಿಲ್ಲದ ಕೋಪ ಬಂತು.

"ಒಂಬತ್ತು ಕಳೆದಿದ್ದಾರಲ್ಲೇ! ಯಾಕಂತೆ? ತಡಿ, ಇವತ್ತೇ ಯೂನಿವರ್ಸಿಟಿಗೆ ಬರೀತೀನಿ."

"ಬೇಡ ಮೇಡಂ" ಎಂದು ನಕ್ಕಳು. ಅವಳು ಹಾಗೆ ಬಾಯಿ ತುಂಬ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. "ಬ್ಯುರೆಟ್ ಒಡೆದು ಹಾಕ್ದೆ. ಎರಡು ರೀಡಿಂಗು ತಪ್ಪು ಬರೆದೆ. ಅದಕ್ಕೇ ಕಳೆದಿದ್ದಾರೆ ಮೇಡಂ, ಬೇರೆ ಯಾವುದಕ್ಕೂ ಅಲ್ಲ."